ಟಿಕಿಂಟರ್‌ಡಿಎನ್‌ಡಿ2: ಫೈಲ್ ಬೀಳಿಸಿಕೊಳ್ಳುವುದು ಸುಲಭ, ಬಿದ್ದದ್ದನ್ನು ಬಿಡಿಸಿಕೊಳ್ಳುವುದೇ ಕೆಲಸ

ಪೈಥಾನ್‌ನಲ್ಲಿ ಸಣ್ಣದೊಂದು ಡೆಸ್ಕ್‌ಟಾಪ್ ಟೂಲ್ ಬರೆಯಲು ಹೊರಟವರಿಗೆ ಮೊದಲು ಕೈಗೆ ಸಿಗುವುದು ಟಿಕಿಂಟರ್. ಪೈಥಾನ್ ಜೊತೆಗೇ ಬರುತ್ತದೆ. ಒಂದು ಬಟನ್, ಒಂದು ಲಿಸ್ಟ್, ‘ಫೈಲ್ ಆರಿಸಿ’ ಎನ್ನುವ ಡೈಲಾಗ್ ಹಾಕಿದರೆ ಟೂಲ್ ಸಿದ್ಧ. ಬಳಸುವವರ ಕೈಗೆ ಹೋದಮೇಲೆ ಬರುವ ಮೊದಲ ಬೇಡಿಕೆಯೂ ಗೊತ್ತಿರುವಂಥದ್ದೇ: ‘ಇದರೊಳಗೆ ಫೈಲ್ ಎಳೆದು ಹಾಕೋಕೆ ಆಗಲ್ವಾ?’ ಬರೀ ಟಿಕಿಂಟರ್‌ನಿಂದ ಆಗುವುದಿಲ್ಲ. ಅದರಲ್ಲಿ ‘ಟಿಕಿಂಟರ್.ಡಿಎನ್‌ಡಿ’ (ಡಿಎನ್‌ಡಿ ಎಂದರೆ ಡ್ರ್ಯಾಗ್ ಅಂಡ್ ಡ್ರಾಪ್, ಎಳೆದು ಬಿಡುವುದು) ಎಂಬ ಮಾಡ್ಯೂಲ್ ಇದೆ ನಿಜ. ಆದರೆ ಅದು ಒಂದೇ ಅಪ್ಲಿಕೇಶನ್ನಿನ ಒಳಗೆ ಇಲ್ಲಿಂದ ಅಲ್ಲಿಗೆ ಎಳೆಯುವುದಕ್ಕೆ ಮಾತ್ರ. ಎಕ್ಸ್‌ಪ್ಲೋರರ್‌ನಿಂದ ಎಳೆದು ತಂದ ಫೈಲ್ ಅದರ ಕಣ್ಣಿಗೇ ಬೀಳುವುದಿಲ್ಲ.

ಆ ಕೊರತೆ ತುಂಬುವುದು ಟಿಕಿಂಟರ್‌ಡಿಎನ್‌ಡಿ2 ಎಂಬ ಪೈಥಾನ್ ಲೈಬ್ರರಿ. ಇದರ ಹೊಟ್ಟೆಯೊಳಗಿರುವುದು ಟಿಕೆಡಿಎನ್‌ಡಿ ಎಂಬ ಎಕ್ಸ್‌ಟೆನ್ಷನ್. ಜಾರ್ಜಿಯೋಸ್ ಪೆಟಾಸಿಸ್ ಅವರು ಟಿಕಲ್/ಟಿಕೆಗಾಗಿ, ಅಂದರೆ ಟಿಕಿಂಟರ್‌ನ ಅಡಿಯಲ್ಲಿರುವ ಟಿಕಲ್ ಭಾಷೆ ಮತ್ತು ಅದರ ವಿಂಡೋ ಕಟ್ಟುವ ಟಿಕೆಗಾಗಿ, ಬರೆದದ್ದು. ವಿಂಡೋಸ್‌ನಲ್ಲಿ ಓಎಲ್‌ಇ, ಲಿನಕ್ಸ್‌ನಲ್ಲಿ ಎಕ್ಸ್‌ಡಿಎನ್‌ಡಿ, ಮ್ಯಾಕ್‌ನಲ್ಲಿ ಅದರದೇ ವ್ಯವಸ್ಥೆ, ಹೀಗೆ ಮೂರೂ ಕಡೆ ಆಯಾ ಆಪರೇಟಿಂಗ್ ಸಿಸ್ಟಮ್‌ನ ಭಾಷೆಯಲ್ಲೇ ಅದು ಮಾತಾಡುತ್ತದೆ. ಪೈಥಾನ್ ಲೈಬ್ರರಿ ಅದರ ಮೇಲಿನ ತೆಳು ಹೊದಿಕೆ ಅಷ್ಟೆ. ದುಡ್ಡಿಲ್ಲ, ಸೋರ್ಸ್ ತೆರೆದೇ ಇದೆ.

ತೀರ್ಪು ಮೊದಲೇ ಹೇಳಿಬಿಡುವುದಾದರೆ: ಈಗಾಗಲೇ ಟಿಕಿಂಟರ್‌ನಲ್ಲಿ ಓಡುತ್ತಿರುವ ಟೂಲ್ ಇದ್ದರೆ ಕಣ್ಣುಮುಚ್ಚಿ ಹಾಕಿಕೊಳ್ಳಬಹುದು. ಹೊಸದಾಗಿ ಶುರು ಮಾಡುವವರು, ಅದರಲ್ಲೂ ಲಿನಕ್ಸ್‌ನಲ್ಲಿ ಕನ್ನಡ ತೋರಿಸಬೇಕಾದವರು, ಒಂದು ಸಲ ಯೋಚಿಸಬೇಕು. ಕಾರಣ ಕೆಳಗಿದೆ.

ಉದಾಹರಣೆಗೆ ನಮ್ಮಲ್ಲಿ ಪದೇಪದೇ ಬೇಕಾಗುವ ಟೂಲನ್ನೇ ಇಟ್ಟುಕೊಳ್ಳೋಣ: ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸುವುದು. ಒಂದು ಪುಸ್ತಕದ ಮೂವತ್ತು ಅಧ್ಯಾಯ, ಮೂವತ್ತು ಫೈಲ್. ಹೆಸರುಗಳೋ, ‘ಅಧ್ಯಾಯ 3 ತಿದ್ದಿದ್ದು.ಟಿಎಕ್ಸ್‌ಟಿ’ ಎನ್ನುವ ಜಾತಿಯವು. ಡಿಟಿಪಿ ಮಾಡುವವರು ಇವನ್ನು ಡೈಲಾಗ್‌ನಲ್ಲಿ ಒಂದೊಂದಾಗಿ ಹುಡುಕುವುದಿಲ್ಲ. ಫೋಲ್ಡರ್ ತೆರೆದು ಅಷ್ಟನ್ನೂ ಸೆಲೆಕ್ಟ್ ಮಾಡಿ ಎಳೆಯುತ್ತಾರೆ.

ಜೋಡಿಸುವ ಕ್ರಮ

ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕೋಡ್‌ನಲ್ಲಿ ಸಹಜವಾಗಿಯೇ ಇಂಗ್ಲಿಷ್ ಅಕ್ಷರ, ಅಂಡರ್‌ಸ್ಕೋರ್ ತೋರಿಸಿದ ಕಡೆ ಅಂಡರ್‌ಸ್ಕೋರ್.

ಮೊದಲು ‘ಪಿಪ್ ಇನ್‌ಸ್ಟಾಲ್ ಟಿಕಿಂಟರ್‌ಡಿಎನ್‌ಡಿ2’. ಕೊನೆಯ 2 ಬಿಡಬೇಡಿ. ಉಬುಂಟು, ಡೆಬಿಯನ್‌ನಲ್ಲಿ ಟಿಕಿಂಟರ್ ಬೇರೆ ಪ್ಯಾಕೇಜ್ ಆಗಿರುವುದರಿಂದ ‘ಪೈಥಾನ್3-ಟಿಕೆ’ಯನ್ನು ಆಪ್ಟ್ ಮೂಲಕ ಹಾಕಿಕೊಂಡಿರಬೇಕು. ಟಿಕೆಡಿಎನ್‌ಡಿಯ ಬೈನರಿಗಳು ಪ್ಯಾಕೇಜಿನ ಒಳಗೇ ಬರುತ್ತವೆ, ಕಂಪೈಲ್ ಮಾಡುವ ತಾಪತ್ರಯ ಇಲ್ಲ.

ಕೋಡ್‌ನಲ್ಲಿ ಬದಲಾಗುವುದು ಮೂರೇ ಕಡೆ. ಮುಖ್ಯ ವಿಂಡೋವನ್ನು ‘ಟಿಕೆ.ಟಿಕೆ’ ಬದಲು ‘ಟಿಕಿಂಟರ್‌ಡಿಎನ್‌ಡಿ.ಟಿಕೆ’ ಎಂದು ಸೃಷ್ಟಿಸಿ. ಫೈಲ್ ಬೀಳಬೇಕಾದ ವಿಜೆಟ್ (ಲಿಸ್ಟ್, ಲೇಬಲ್‌ನಂಥ ವಿಂಡೋದ ಭಾಗ) ಮೇಲೆ ‘ಡ್ರಾಪ್_ಟಾರ್ಗೆಟ್_ರಿಜಿಸ್ಟರ್’ ಕರೆದು ‘ಡಿಎನ್‌ಡಿ_ಫೈಲ್ಸ್’ ಎಂಬ ಸ್ಥಿರಾಂಕ ಕೊಡಿ. ಅದೇ ವಿಜೆಟ್ ಮೇಲೆ ‘ಡಿಎನ್‌ಡಿ_ಬೈಂಡ್’ ಕರೆದು, ಎರಡೆರಡು ಕೋನಾವರಣಗಳ ನಡುವೆ ‘ಡ್ರಾಪ್’ ಎಂಬ ಈವೆಂಟ್ ಹೆಸರು ಬರೆದು, ನಿಮ್ಮ ಫಂಕ್ಷನ್ ಜೋಡಿಸಿ. ಮುಗಿಯಿತು. ಬಿದ್ದ ಫೈಲ್‌ಗಳ ಹಾದಿ (ಪಾತ್) ‘ಈವೆಂಟ್.ಡೇಟಾ’ದಲ್ಲಿ ಬಂದು ಕೂರುತ್ತದೆ.

ಮೊದಲ ಹೆಜ್ಜೆ ತಪ್ಪಿದರೆ ಏನಾಗುತ್ತದೆಂದು ತಿಳಿದಿರಲಿ. ಹಳೆಯ ‘ಟಿಕೆ.ಟಿಕೆ’ಯನ್ನೇ ಬಿಟ್ಟು ಉಳಿದದ್ದು ಬರೆದರೆ ‘ಇನ್‌ವ್ಯಾಲಿಡ್ ಕಮಾಂಡ್ ನೇಮ್ ಟಿಕೆಡಿಎನ್‌ಡಿ::ಡ್ರಾಪ್_ಟಾರ್ಗೆಟ್’ ಎಂಬ ಎರರ್ ಬರುತ್ತದೆ. ಇನ್‌ಸ್ಟಾಲ್ ಸರಿಯಾಗಿಲ್ಲವೇನೋ ಎಂದು ಜನ ಪಿಪ್‌ಗೆ ಮತ್ತೆ ಮತ್ತೆ ಹೋಗುತ್ತಾರೆ. ತೊಂದರೆ ಅಲ್ಲಿಲ್ಲ. ಎಕ್ಸ್‌ಟೆನ್ಷನನ್ನು ಟಿಕಲ್ ಒಳಕ್ಕೆ ಲೋಡ್ ಮಾಡುವುದು ಆ ಹೊಸ ವಿಂಡೋ ಕ್ಲಾಸ್. ಅದನ್ನು ಬಳಸದಿದ್ದರೆ ಲೋಡ್ ಆಗಿಯೇ ಇರುವುದಿಲ್ಲ.

ಟಿಕಿಂಟರ್‌ಗೆ ಹೊಸ ರೂಪ ಕೊಡುವ ಕಸ್ಟಮ್‌ಟಿಕಿಂಟರ್ ಲೈಬ್ರರಿ ಬಳಸುವವರು ಇಲ್ಲೇ ಸಿಕ್ಕಿಬೀಳುವುದು, ಏಕೆಂದರೆ ಅವರ ಮುಖ್ಯ ವಿಂಡೋ ‘ಸಿಟಿಕೆ’ ಆಗಿರಲೇಬೇಕು. ದಾರಿ ಇದೆ: ‘ಸಿಟಿಕೆ’ ಮತ್ತು ‘ಟಿಕಿಂಟರ್‌ಡಿಎನ್‌ಡಿ.ಡಿಎನ್‌ಡಿರ‍್ಯಾಪರ್’ ಎರಡನ್ನೂ ತಾಯಿ ಕ್ಲಾಸ್ ಮಾಡಿಕೊಂಡು ನಿಮ್ಮದೊಂದು ಕ್ಲಾಸ್ ಬರೆಯಿರಿ. ಅದರ ‘ಇನಿಟ್’ನಲ್ಲಿ ಮೇಲಿನ ಕ್ಲಾಸಿನ ‘ಇನಿಟ್’ ಕರೆದಮೇಲೆ ‘ಟಿಕಿಂಟರ್‌ಡಿಎನ್‌ಡಿ._ರಿಕ್ವೈರ್’ಗೆ ‘ಸೆಲ್ಫ್’ ಕೊಟ್ಟು, ಬಂದ ಉತ್ತರವನ್ನು ‘ಸೆಲ್ಫ್.ಟಿಕೆಡಿಎನ್‌ಡಿವರ್ಷನ್’ನಲ್ಲಿ ಇಡಿ. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಫಂಕ್ಷನ್ ಹೊರಗಿನವರು ಮುಟ್ಟಬಾರದ್ದು ಎನ್ನುವುದು ಪೈಥಾನ್ ಪದ್ಧತಿ. ಇಲ್ಲಿ ಬೇರೆ ಉಪಾಯ ಇಲ್ಲ, ಎಲ್ಲರೂ ಮುಟ್ಟುತ್ತಾರೆ.

ಇನ್ನೊಂದು ಕಿರಿಕಿರಿ: ಈ ಫಂಕ್ಷನ್‌ಗಳನ್ನು ಲೈಬ್ರರಿಯು ಟಿಕಿಂಟರ್‌ನ ಮೂಲ ವಿಜೆಟ್ ಕ್ಲಾಸಿಗೆ ಹೊರಗಿನಿಂದ ಅಂಟಿಸುತ್ತದೆ. ಹಾಗಾಗಿ ವಿಎಸ್ ಕೋಡ್‌ನಂಥ ಎಡಿಟರ್ ಅವನ್ನು ಗುರುತಿಸದೆ ಕೆಳಗೆ ಗೆರೆ ಎಳೆಯುತ್ತಿರುತ್ತದೆ. ಕೋಡ್ ಸರಿಯಾಗಿಯೇ ಓಡುತ್ತದೆ. ದಾಖಲೆಯೂ ಅಷ್ಟಕ್ಕಷ್ಟೆ: ಫಂಕ್ಷನ್‌ಗಳೊಳಗಿನ ವಿವರಣೆ ಬಹುಮಟ್ಟಿಗೆ ಟಿಕಲ್ ಕೈಪಿಡಿಯದೇ ಧಾಟಿ. ಅದನ್ನು ಓದುವುದಕ್ಕಿಂತ ಸೋರ್ಸ್ ಜೊತೆಗಿರುವ ಡೆಮೊ ಫೈಲ್‌ಗಳನ್ನು ತೆರೆದು ನೋಡಿದರೆ ಬೇಗ ತಲೆಗೆ ಹೋಗುತ್ತದೆ.

‘ಈವೆಂಟ್.ಡೇಟಾ’ ಎಂಬ ಒಂದೇ ಒಂದು ಸ್ಟ್ರಿಂಗ್

ಈ ಲೈಬ್ರರಿ ಬಳಸಿದ ಟೂಲ್‌ಗಳಲ್ಲಿ ಕಾಣುವ ದೋಷಗಳಲ್ಲಿ ಮುಖ್ಯವಾದದ್ದು ಇಲ್ಲಿಯದೇ. ಮೂವತ್ತು ಫೈಲ್ ಬೀಳಿಸಿದರೂ ಕೈಗೆ ಬರುವುದು ಪೈಥಾನ್ ಲಿಸ್ಟ್ ಅಲ್ಲ, ಉದ್ದನೆಯ ಒಂದು ಸ್ಟ್ರಿಂಗ್. ಅದು ಟಿಕಲ್ ಶೈಲಿಯ ಪಟ್ಟಿ: ಒಂದು ಹಾದಿಗೂ ಇನ್ನೊಂದಕ್ಕೂ ನಡುವೆ ಸ್ಪೇಸ್, ಹಾದಿಯೊಳಗೇ ಸ್ಪೇಸ್ ಇದ್ದರೆ ಅದರ ಸುತ್ತ ಪುಷ್ಪಾವರಣ.

ಬರೆದವರು ಪರೀಕ್ಷೆಗೆಂದು ‘ಟೆಸ್ಟ್.ಟಿಎಕ್ಸ್‌ಟಿ’ ಬೀಳಿಸುತ್ತಾರೆ. ಸ್ಪೇಸ್ ಇಲ್ಲ, ಆವರಣವೂ ಇಲ್ಲ, ಹಾದಿ ಶುದ್ಧವಾಗಿ ಬರುತ್ತದೆ, ಓಪನ್ ಆಗುತ್ತದೆ. ಎರಡು ಫೈಲ್ ಬೀಳಿಸಿ, ಸ್ಪೇಸ್ ಇದ್ದಲ್ಲಿ ಕತ್ತರಿಸುವ ‘ಸ್ಪ್ಲಿಟ್’ ಹಾಕಿದರೂ ಸರಿಹೋಗುತ್ತದೆ. ಟೂಲ್ ಕಚೇರಿಗೆ ಹೋಗುತ್ತದೆ, ಅಲ್ಲಿ ಯಾರೋ ‘ಅಧ್ಯಾಯ 3 ತಿದ್ದಿದ್ದು’ ಬೀಳಿಸುತ್ತಾರೆ. ಹಾದಿ ಮೂರು ತುಂಡಾಗಿ, ಮೊದಲ ತುಂಡಿನ ಮುಂದೆ ತೆರೆದ ಆವರಣವೂ ಕೊನೆಯ ತುಂಡಿನ ಹಿಂದೆ ಮುಚ್ಚಿದ ಆವರಣವೂ ಅಂಟಿಕೊಂಡು, ‘ಫೈಲ್ ಸಿಗಲಿಲ್ಲ’ ಎಂಬ ಎರರ್ ಮೂರು ಸಲ ಬರುತ್ತದೆ.

ಆಮೇಲೆ ಶುರುವಾಗುತ್ತದೆ ತೇಪೆ ಹಾಕುವ ಕೆಲಸ. ‘ಸ್ಟ್ರಿಪ್’ ಹಾಕಿ ಆವರಣ ಕಿತ್ತರೆ ಒಂದೇ ಫೈಲ್ ಇದ್ದಾಗ ನಡೆಯುತ್ತದೆ, ಎರಡಾದರೆ ಕೆಡುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದರೆ, ಹೆಸರಿನೊಳಗೇ ಪುಷ್ಪಾವರಣ ಇರುವ ಫೈಲ್ ಬಂದ ದಿನ ಅದೂ ಕೈಕೊಡುತ್ತದೆ. ಅಂಥ ಕಡೆ ಟಿಕಲ್ ಬ್ಯಾಕ್‌ಸ್ಲ್ಯಾಶ್ ಹಾಕಿ ಬೇರೆ ರೀತಿ ಬರೆಯುತ್ತದೆ. ಇದ್ಯಾವುದೂ ಬೇಡ. ‘ರೂಟ್.ಟಿಕೆ.ಸ್ಪ್ಲಿಟ್‌ಲಿಸ್ಟ್’ಗೆ ‘ಈವೆಂಟ್.ಡೇಟಾ’ ಕೊಟ್ಟರೆ ಟಿಕಲ್ ತಾನು ಕಟ್ಟಿದ ಗಂಟನ್ನು ತಾನೇ ಬಿಚ್ಚಿ ಪೈಥಾನ್ ಟ್ಯುಪಲ್ ಆಗಿ ಕೊಡುತ್ತದೆ. ಒಂದೇ ಸಾಲು. ಇದನ್ನು ಲೈಬ್ರರಿಯೇ ಮಾಡಿ ಕೊಡಬಹುದಿತ್ತಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಇದರ ಅಂಕದಲ್ಲಿ ನಾವು ಕಳೆಯುವುದು ಇದಕ್ಕಾಗಿಯೇ.

ಬಿಡಿಸಿದಮೇಲೂ ಗಮನಿಸಬೇಕಾದದ್ದಿದೆ. ವಿಂಡೋಸ್‌ನಲ್ಲಿ ಹಾದಿಗಳು ಮುಂದೆ ವಾಲಿದ ಓರೆಗೆರೆಯೊಂದಿಗೆ ಬರುತ್ತವೆ, ಅದಕ್ಕೆ ‘ಓಎಸ್.ಪಾತ್.ಜಾಯಿನ್’ ಸೇರಿಸಿದರೆ ಎರಡೂ ಬಗೆಯ ಗೆರೆ ಕಲಸಿ ಒಂದೇ ಫೈಲ್ ಲಿಸ್ಟ್‌ನಲ್ಲಿ ಎರಡು ಸಲ ಕೂರಬಹುದು. ಬಂದ ತಕ್ಷಣ ‘ಪಾತ್‌ಲಿಬ್.ಪಾತ್’ ಮಾಡಿಬಿಟ್ಟರೆ ಈ ತಲೆನೋವಿಲ್ಲ. ಫೋಲ್ಡರ್ ಬೀಳಿಸಿದರೆ ಒಳಗಿನ ಫೈಲ್‌ಗಳು ಬರುವುದಿಲ್ಲ, ಫೋಲ್ಡರ್‌ನ ಹಾದಿ ಮಾತ್ರ. ‘ಈಸ್_ಡಿರ್’ ನೋಡಿ, ಒಳಗಿಳಿಯಬೇಕೋ ಬೇಡವೋ ನೀವೇ ತೀರ್ಮಾನಿಸಬೇಕು. ಒಳಗಿಳಿಯುವುದಾದರೆ ಎಷ್ಟು ಫೈಲ್ ಸಿಕ್ಕಿತೆಂದು ತೋರಿಸಿ ಒಪ್ಪಿಗೆ ಕೇಳಿ. ಯಾರಾದರೊಬ್ಬರು ಡಿ ಡ್ರೈವನ್ನೇ ಎಳೆದು ಹಾಕುತ್ತಾರೆ. ಶಾರ್ಟ್‌ಕಟ್ ಬೀಳಿಸಿದರೆ ಬರುವುದು ‘ಎಲ್‌ಎನ್‌ಕೆ’ ಫೈಲಿನ ಹಾದಿ, ಅದು ತೋರಿಸುವ ಫೈಲಿನದಲ್ಲ.

ಇನ್ನು ಸರದಿ. ವಿಂಡೋಸ್‌ನಲ್ಲಿ ಮೂವತ್ತು ಫೈಲ್ ಸೆಲೆಕ್ಟ್ ಮಾಡಿ ಏಳನೆಯದನ್ನು ಹಿಡಿದು ಎಳೆದರೆ ಸಾಮಾನ್ಯವಾಗಿ ಏಳನೆಯದೇ ಮೊದಲು ಬರುತ್ತದೆ. ಅಧ್ಯಾಯಗಳನ್ನು ಸೇರಿಸಿ ಒಂದೇ ಫೈಲ್ ಮಾಡುವ ಟೂಲ್ ಆಗಿದ್ದರೆ ಪುಸ್ತಕ ಏಳನೇ ಅಧ್ಯಾಯದಿಂದ ಶುರುವಾಗುತ್ತದೆ. ಆದ್ದರಿಂದ ಬಂದ ಮೇಲೆ ನೀವೇ ಸಾರ್ಟ್ ಮಾಡಿ. ಬರೀ ಸಾರ್ಟ್ ಮಾಡಿದರೆ ‘ಅಧ್ಯಾಯ 10’ ಬಂದು ‘ಅಧ್ಯಾಯ 2’ಕ್ಕಿಂತ ಮುಂದೆ ನಿಲ್ಲುತ್ತದೆ. ಹೆಸರಿನಲ್ಲಿ ಅಂಕಿ ಇರುವ ಭಾಗವನ್ನು ಬೇರ್ಪಡಿಸಿ ‘ಇಂಟ್’ ಮಾಡಿ ಹೋಲಿಸಬೇಕು. ಇಲ್ಲಿ ಪೈಥಾನ್ ಒಂದು ಉಪಕಾರ ಮಾಡಿದೆ: ಅದರ ‘ಇಂಟ್’ಗೆ ‘೧೦’ ಕೊಟ್ಟರೂ 10 ಎಂದೇ ಓದುತ್ತದೆ, ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಅಂಕಿ ಗುರುತಿಗೂ ಕನ್ನಡ ಅಂಕಿ ಸಿಗುತ್ತದೆ. ಕನ್ನಡ ಅಂಕಿಯ ಹೆಸರಿಗೆಂದು ಬೇರೆ ಕೋಡ್ ಬೇಡ.

ಕನ್ನಡ ಹೆಸರಿನ ಫೈಲ್‌ಗಳು

ಟಿಕಿಂಟರ್‌ಡಿಎನ್‌ಡಿ2 ಕನ್ನಡ ಹೆಸರನ್ನು ಕೆಡಿಸದೆ ತಂದು ಕೊಡುತ್ತದೆ. ಇದನ್ನು ಹೇಳಿಯೇ ಹೇಳಬೇಕಾದದ್ದು, ಏಕೆಂದರೆ ಪ್ರತಿಸ್ಪರ್ಧಿಯಾದ ವಿನ್‌ಡಿಎನ್‌ಡಿ ಹಾಗಲ್ಲ. ಅದು ವಿಂಡೋಸ್‌ಗೆ ಮಾತ್ರ, ಇನ್ನೂ ಹಗುರ, ಒಂದೇ ಫಂಕ್ಷನ್. ಆದರೆ ಸುಮ್ಮನೆ ಕರೆದರೆ ಹೆಸರುಗಳನ್ನು ಸಿಸ್ಟಮ್‌ನ ಹಳೆಯ ಆನ್ಸಿ ಕೋಡ್‌ಪೇಜ್‌ನಲ್ಲಿ ಬೈಟ್‌ಗಳಾಗಿ ಕೊಡುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಥ ಆನ್ಸಿ ಕೋಡ್‌ಪೇಜೇ ಇಲ್ಲ, ಕನ್ನಡ ಅಲ್ಲಿ ಯುನಿಕೋಡ್‌ನಲ್ಲಿ ಮಾತ್ರ. ಹಾಗಾಗಿ ಹೆಸರಿನ ಜಾಗದಲ್ಲಿ ಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ, ಆ ಹಾದಿಯ ಫೈಲ್ ಯಾವತ್ತೂ ತೆರೆಯುವುದಿಲ್ಲ. ‘ಫೋರ್ಸ್_ಯುನಿಕೋಡ್’ಗೆ ‘ಟ್ರೂ’ ಕೊಟ್ಟರೆ ಸರಿಹೋಗುತ್ತದೆ. ಅದನ್ನೇ ಬಳಸುತ್ತಿರುವವರು ಇವತ್ತೇ ಆ ಒಂದು ಪದ ಸೇರಿಸಿಕೊಳ್ಳಿ.

ಹೆಸರು ಕೆಡದೆ ಬಂದರೂ ಹೋಲಿಸುವಾಗ ಎಡವುವ ಸಂಭವ ಇದೆ. ‘ಕೋಲಾರ’ ಎಂಬ ಪದವನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಇಡಬಹುದು. ಜೋಡಿಸಿಟ್ಟ ರೂಪದಲ್ಲಿ ಓಕಾರದ ಚಿಹ್ನೆ ಒಂದೇ ಸಂಕೇತ, ಒಟ್ಟು 5. ಬಿಡಿಸಿಟ್ಟ ರೂಪದಲ್ಲಿ ಅದೇ ಚಿಹ್ನೆ ಮೂರು ಸಂಕೇತಗಳಾಗುತ್ತದೆ, ಒಟ್ಟು 7. ತೆರೆಯ ಮೇಲೆ ಎರಡೂ ಒಂದೇ. ಪೈಥಾನ್ ಮಾತ್ರ ಎರಡೂ ಬೇರೆ ಎನ್ನುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಹೆಸರನ್ನು ಬಿಡಿಸಿಯೇ ಇಡುತ್ತಿದ್ದವು. ಅಲ್ಲಿಂದ ಜಿಪ್ ಆಗಿ ಬಂದ ಫೈಲ್‌ಗಳು ಈಗಲೂ ಆ ರೂಪದಲ್ಲೇ ಓಡಾಡುತ್ತಿವೆ. ‘ಯುನಿಕೋಡ್‌ಡೇಟಾ.ನಾರ್ಮಲೈಸ್’ಗೆ ‘ಎನ್‌ಎಫ್‌ಸಿ’ (ಜೋಡಿಸಿಟ್ಟ ರೂಪ) ಎಂದು ಕೊಟ್ಟು ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸಿ. ಆದರೆ ಫೈಲ್ ತೆರೆಯುವಾಗ ಬಂದ ಮೂಲ ಹಾದಿಯನ್ನೇ ಬಳಸಿ. ತಿದ್ದಿದ ಹೆಸರಿನಿಂದ ಲಿನಕ್ಸ್‌ನಲ್ಲಿ ತೆರೆಯಲು ಹೋದರೆ ಅಂಥ ಫೈಲೇ ಇಲ್ಲ ಎನ್ನುತ್ತದೆ, ಅದಕ್ಕೆ ಬೈಟ್‌ಗಳು ಹೊಂದಬೇಕಷ್ಟೆ.

ಎನ್‌ಎಫ್‌ಸಿಯಿಂದಲೂ ಹೋಗದ್ದು ಒಂದಿದೆ: ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್. ‘ಮಾರ್ಚ್’ ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಅದು ಅಂಟಿಕೊಂಡಿದ್ದರೂ ಇಲ್ಲದಿದ್ದರೂ ನೋಡಲು ಒಂದೇ. ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇದ್ದಂತೆ ಕಂಡರೆ ಮೊದಲು ಇದನ್ನು ಅನುಮಾನಿಸಿ. ಹೋಲಿಕೆಗೆ ಮಾತ್ರ ಅದನ್ನು ತೆಗೆಯಿರಿ, ಹೆಸರಿನಿಂದಲ್ಲ. ಪದದ ನಡುವೆ ಇದ್ದಾಗ ಅದಕ್ಕೆ ಅರ್ಥವಿದೆ.

ಟೂಲ್ ಹೊಸ ಫೈಲ್ ಬರೆಯುವಾಗ ಹೆಸರಿಗೆ ‘ಯುನಿಕೋಡ್‌ಗೆ ಪರಿವರ್ತಿಸಿದ್ದು’ ಎಂದೆಲ್ಲ ಬಾಲ ಸೇರಿಸುವ ಆಸೆಗೂ ಮಿತಿ ಇದೆ. ಲಿನಕ್ಸ್‌ನಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಅವಕಾಶ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 85 ಸಂಕೇತಕ್ಕೆ ಮುಗಿಯಿತು, ಒತ್ತಕ್ಷರಗಳಿದ್ದರೆ ಕಣ್ಣಿಗೆ ಕಾಣುವ ಅಕ್ಷರಗಳ ಲೆಕ್ಕದಲ್ಲಿ ಅದಕ್ಕೂ ಬಹಳ ಮುಂಚೆಯೇ. ವಿಂಡೋಸ್‌ನಲ್ಲಿ ಮಿತಿ ಪೂರ್ತಿ ಹಾದಿಗೆ; ಬದಲಾಯಿಸದಿದ್ದರೆ 260 ಅಕ್ಷರ.

ಈಗ ಲಿನಕ್ಸ್‌ನ ವಿಚಾರ. ಅಲ್ಲಿ ಟಿಕೆ 8.6 ಅಕ್ಷರ ಬರೆಯಲು ಎಕ್ಸ್‌ಎಫ್‌ಟಿ ಎಂಬ ಫಾಂಟ್ ಲೈಬ್ರರಿ ಬಳಸುತ್ತದೆ, ಅದಕ್ಕೆ ಒತ್ತಕ್ಷರ ಕೂಡಿಸುವುದು ಗೊತ್ತಿಲ್ಲ. ಫೈಲ್ ಸರಿಯಾಗಿ ಬೀಳುತ್ತದೆ, ಸರಿಯಾಗಿ ತೆರೆಯುತ್ತದೆ, ಲಿಸ್ಟ್‌ನಲ್ಲಿ ಮಾತ್ರ ‘ಅಧ್ಯಾಯ’ ಎಂಬುದರ ಯವೊತ್ತು ಕೆಳಗೆ ಹೋಗದೆ ಅರ್ಧಾಕ್ಷರದ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ವಿಂಡೋಸ್, ಮ್ಯಾಕ್‌ನಲ್ಲಿ ಈ ತೊಂದರೆ ಇಲ್ಲ. ಇದು ಟಿಕಿಂಟರ್‌ಡಿಎನ್‌ಡಿ2ರ ತಪ್ಪಲ್ಲ, ಅದರಿಂದ ಸರಿಪಡಿಸಲೂ ಆಗದು. ಲಿನಕ್ಸ್‌ನಲ್ಲಿ ಕನ್ನಡ ಓದಿಸಬೇಕಾದ ಟೂಲ್ ಆಗಿದ್ದರೆ ಟಿಕಿಂಟರನ್ನೇ ಬಿಡುವುದು ವಾಸಿ.

ಬೀಳದೇ ಇರುವುದು, ಬಿದ್ದು ಕಂಗಾಲಾಗುವುದು

‘ನನ್ನ ಮಷೀನ್‌ನಲ್ಲಿ ಎಳೆದರೆ ನಿಷೇಧದ ಗುರುತು ಬರುತ್ತದೆ’ ಎನ್ನುವ ದೂರಿಗೆ ವಿಂಡೋಸ್‌ನಲ್ಲಿ ಮೊದಲು ನೋಡಬೇಕಾದದ್ದು, ಟೂಲ್ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದೆಯೇ ಎಂದು. ವಿಸ್ತಾದಿಂದೀಚೆಗೆ ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚಿನ ಅಧಿಕಾರದ ವಿಂಡೋಗೆ ಸಂದೇಶ ಕಳಿಸಲು ಬಿಡುವುದಿಲ್ಲ. ಎಕ್ಸ್‌ಪ್ಲೋರರ್ ಸಾಮಾನ್ಯ ಅಧಿಕಾರದಲ್ಲಿ ಓಡುತ್ತದೆ, ನಿಮ್ಮ ಟೂಲ್ ಮೇಲಿನ ಮೆಟ್ಟಿಲಲ್ಲಿ. ಎಳೆದದ್ದು ದಾಟುವುದೇ ಇಲ್ಲ. ಎರರ್ ಸಂದೇಶವೂ ಇರುವುದಿಲ್ಲ. ವಿಎಸ್ ಕೋಡನ್ನು ಅಡ್ಮಿನ್ ಆಗಿ ತೆರೆದು ಅದರಿಂದ ಟೂಲ್ ಓಡಿಸಿದರೂ ಇದೇ ಗತಿ. ಔಷಧ ಒಂದೇ, ಅಡ್ಮಿನ್ ಆಗಿ ಓಡಿಸದಿರುವುದು. ಫೈಲ್ ತಿರುಗಿಸುವ ಟೂಲಿಗೆ ಆ ಅಧಿಕಾರ ಯಾಕೆ ಬೇಕು?

ಅಂತರ್ಜಾಲದಲ್ಲಿ ಸಿಗುವ ‘ಚೇಂಜ್‌ವಿಂಡೋಮೆಸೇಜ್‌ಫಿಲ್ಟರ್‌ಎಕ್ಸ್’ ಎಂಬ ಉಪಾಯ ಹಳೆಯ ‘ಡಬ್ಲ್ಯುಎಂ_ಡ್ರಾಪ್‌ಫೈಲ್ಸ್’ ಪದ್ಧತಿಗೆ ಆಗುತ್ತದೆ. ಟಿಕೆಡಿಎನ್‌ಡಿ ನಿಂತಿರುವುದು ಓಎಲ್‌ಇ ಮೇಲೆ, ಅದಕ್ಕೆ ನಾಟುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುವವರು ತಮ್ಮ ಕಂಪ್ಯೂಟರಿನ ಫೋಲ್ಡರ್‌ನಿಂದ ದೂರದ ವಿಂಡೋಗೆ ಎಳೆದರೂ ಬೀಳದು. ಅಲ್ಲಿ ಕಾಪಿ, ಪೇಸ್ಟ್ ಮಾಡಿಕೊಂಡಮೇಲೆಯೇ ಎಳೆಯಬೇಕು.

ಬಿದ್ದಮೇಲಿನ ತೊಂದರೆ ಬೇರೆ ಥರ. ಡ್ರಾಪ್ ಫಂಕ್ಷನ್ನಿನೊಳಗೇ ಮೂವತ್ತು ಫೈಲ್ ತಿರುಗಿಸಲು ಕೂತರೆ ನಿಮ್ಮ ವಿಂಡೋ ಜೊತೆಗೆ ಎಕ್ಸ್‌ಪ್ಲೋರರ್ ವಿಂಡೋವೂ ಸ್ತಬ್ಧವಾಗುತ್ತದೆ. ಬಿಟ್ಟ ಕಡೆಯಿಂದ ಉತ್ತರ ಬರುವ ತನಕ ಎಳೆದ ಕಡೆಯದು ಕಾಯುತ್ತಿರುತ್ತದೆ, ಅದಕ್ಕೇ. ‘ಮುಂದುವರಿಸಲೇ?’ ಎಂಬ ಮೆಸೇಜ್ ಬಾಕ್ಸ್ ಅಲ್ಲೇ ತೆರೆದರಂತೂ ಮೌಸ್ ಎರಡೂ ಕಡೆ ಸಿಕ್ಕಿಹಾಕಿಕೊಂಡಂತಾಗುತ್ತದೆ. ಡ್ರಾಪ್ ಫಂಕ್ಷನ್ನಿನಲ್ಲಿ ಮಾಡಬೇಕಾದದ್ದು ಇಷ್ಟೆ: ಸ್ಪ್ಲಿಟ್‌ಲಿಸ್ಟ್ ಮಾಡಿ ಹಾದಿಗಳನ್ನು ಎತ್ತಿಟ್ಟುಕೊಳ್ಳುವುದು, ‘ರೂಟ್.ಆಫ್ಟರ್’ಗೆ 10 ಮಿಲಿಸೆಕೆಂಡ್ ಕೊಟ್ಟು ಮುಂದಿನ ಕೆಲಸ ಒಪ್ಪಿಸುವುದು, ಹಿಂದಿರುಗುವುದು. ಕೆಲಸ ದೊಡ್ಡದಿದ್ದರೆ ಹಿನ್ನೆಲೆಯಲ್ಲಿ ಓಡುವ ಥ್ರೆಡ್‌ಗೆ ಹಾಕಿ. ಥ್ರೆಡ್‌ನಿಂದ ವಿಜೆಟ್ ಮುಟ್ಟಬೇಡಿ. ಪ್ರಗತಿಯನ್ನು ಕ್ಯೂನಲ್ಲಿ ಹಾಕಿಸಿ, ಮುಖ್ಯ ವಿಂಡೋ 100 ಮಿಲಿಸೆಕೆಂಡಿಗೊಮ್ಮೆ ಅದನ್ನು ಓದಿ ತೋರಿಸಲಿ. ಒನ್‌ಡ್ರೈವ್ ಫೋಲ್ಡರ್‌ನಿಂದ ಎಳೆದ ಫೈಲ್‌ಗೆ ಹಾದಿ ಇರುತ್ತದೆ, ಒಳಗಿನ ವಸ್ತು ಇನ್ನೂ ಸರ್ವರ್‌ನಲ್ಲೇ ಇರಬಹುದು. ಓಪನ್ ಮಾಡಿದಾಗ ಡೌನ್‌ಲೋಡ್ ಶುರುವಾಗುತ್ತದೆ. ಥ್ರೆಡ್ ಬೇಕೆನ್ನುವುದಕ್ಕೆ ಅದೊಂದೇ ಕಾರಣ ಸಾಕು.

ಹಿಂದಿರುಗುವಾಗ ಏನನ್ನು ಕೊಡುತ್ತೀರಿ ಎಂಬುದರ ಮೇಲೂ ನಿಗಾ ಇರಲಿ. ಡೆಮೊಗಳಲ್ಲಿ ‘ಈವೆಂಟ್.ಆಕ್ಷನ್’ ಎಂದೇ ಹಿಂದಿರುಗಿಸುತ್ತಾರೆ. ಬಳಸುವವರು ಶಿಫ್ಟ್ ಒತ್ತಿಕೊಂಡು ಎಳೆದರೆ ಅದು ‘ಮೂವ್’ ಆಗಿರಬಹುದು. ಮೂವ್ ಎಂದು ಒಪ್ಪಿದರೆ, ಮೂಲ ಫೈಲನ್ನು ತೆಗೆದುಹಾಕಲು ಎಳೆದ ಕಡೆಯದಕ್ಕೆ ಅನುಮತಿ ಕೊಟ್ಟಂತೆ. ನಿಮ್ಮ ಟೂಲ್ ಬರೀ ಓದುವುದಾದರೆ ಯಾವಾಗಲೂ ‘ಕಾಪಿ’ ಎಂದೇ ಹಿಂದಿರುಗಿಸಿ. ಬೇಡದ ಬಗೆಯ ಫೈಲ್ ಬಂದರೆ ‘ರೆಫ್ಯೂಸ್_ಡ್ರಾಪ್’ ಇದೆ.

ಮೇಲೆ ತಂದಾಗ ಬಣ್ಣ ಬದಲಿಸಲು ‘ಡ್ರಾಪ್‌ಎಂಟರ್’, ‘ಡ್ರಾಪ್‌ಲೀವ್’ ಈವೆಂಟ್‌ಗಳಿವೆ. ಇದನ್ನು ಅಲಂಕಾರವೆಂದು ಬಿಡಬೇಡಿ, ಎಲ್ಲಿ ಬಿಡಬೇಕೆಂದು ಗೊತ್ತಾಗುವುದೇ ಇದರಿಂದ. ಬಿಟ್ಟಮೇಲೆ ‘ಡ್ರಾಪ್‌ಲೀವ್’ ಬಂದೇ ಬರುತ್ತದೆಂದು ನಂಬದೆ, ಡ್ರಾಪ್ ಫಂಕ್ಷನ್ನಿನಲ್ಲೂ ಬಣ್ಣ ಮರಳಿಸಿ. ಲಿಸ್ಟ್‌ನ ನಡುವೆ ನಿರ್ದಿಷ್ಟ ಜಾಗದಲ್ಲಿ ಸೇರಿಸಬೇಕಿದ್ದರೆ ‘ಈವೆಂಟ್.ವೈ_ರೂಟ್’ನಿಂದ ಲಿಸ್ಟ್‌ನ ‘ವಿನ್ಫೋ_ರೂಟ್‌ವೈ’ ಕಳೆದು ‘ನಿಯರೆಸ್ಟ್’ಗೆ ಕೊಡಿ. ಬೀಳಿಸುವ ಜಾಗವನ್ನು ಅಂಚೆಚೀಟಿಯಷ್ಟು ಮಾಡಬೇಡಿ: ಖಾಲಿ ಇದ್ದಾಗ ತೋರಿಸುವ ಲೇಬಲ್, ತುಂಬಿದಾಗ ಕಾಣುವ ಲಿಸ್ಟ್, ಎರಡನ್ನೂ ರಿಜಿಸ್ಟರ್ ಮಾಡಿ. ‘ಫೈಲ್ ಆರಿಸಿ’ ಬಟನ್ ತೆಗೆಯಲೂ ಬೇಡಿ. ಕೀಬೋರ್ಡ್‌ನಲ್ಲೇ ಕೆಲಸ ಮಾಡುವವರಿಗೆ, ಸ್ಕ್ರೀನ್ ರೀಡರ್ ಬಳಸುವವರಿಗೆ, ಟಚ್‌ಪ್ಯಾಡ್ ಜೊತೆ ಗುದ್ದಾಡುವವರಿಗೆ ಅದೇ ದಾರಿ. ಎಲ್ಲರೂ ಬಳಸುವಂತೆ ವೆಬ್‌ಸೈಟ್ ಕಟ್ಟುವ ಮಾರ್ಗಸೂಚಿಯಾದ, 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2ರಲ್ಲಿ ಎಳೆಯುವ ಕ್ರಿಯೆಗೆ ಪರ್ಯಾಯ ಇರಬೇಕೆಂದೇ ಒಂದು ನಿಯಮ ಇದೆ. ಅದು ವೆಬ್‌ಗೆಂದು ಬರೆದದ್ದಾದರೂ ಮಾತು ಇಲ್ಲಿಗೂ ಸಲ್ಲುತ್ತದೆ.

ಎಕ್ಸ್‌ಇ ಮಾಡುವಾಗ

ಪೈಥಾನ್ ಇಲ್ಲದ ಮಷೀನ್‌ನಲ್ಲೂ ಓಡುವಂತೆ ಟೂಲನ್ನು ಕಟ್ಟಿಕೊಡುವ ಪೈಇನ್‌ಸ್ಟಾಲರ್‌ನಿಂದ ಮಾಡಿದ ಎಕ್ಸ್‌ಇ ಬೇರೆಯವರ ಮಷೀನ್‌ನಲ್ಲಿ ‘ಅನೇಬಲ್ ಟು ಲೋಡ್ ಟಿಕೆಡಿಎನ್‌ಡಿ ಲೈಬ್ರರಿ’ ಎಂದು ಕೂತುಬಿಡುವುದು ಇದರ ಹಳೆಯ ಚಾಳಿ. ಪೈಇನ್‌ಸ್ಟಾಲರ್ ಪೈಥಾನ್ ಇಂಪೋರ್ಟ್‌ಗಳನ್ನು ಹಿಂಬಾಲಿಸಿ ಫೈಲ್ ಕೂಡಿಸುತ್ತದೆ. ಟಿಕೆಡಿಎನ್‌ಡಿಯ ಡಿಎಲ್‌ಎಲ್ ಮತ್ತು ಟಿಕಲ್ ಫೈಲ್‌ಗಳನ್ನು ಕರೆಯುವುದು ಇಂಪೋರ್ಟ್ ಅಲ್ಲ, ಟಿಕಲ್. ಹಾಗಾಗಿ ಅವು ಬಿಟ್ಟುಹೋಗಬಹುದು. ಕಟ್ಟುವಾಗ ‘--ಕಲೆಕ್ಟ್-ಆಲ್ ಟಿಕಿಂಟರ್‌ಡಿಎನ್‌ಡಿ2’ ಸೇರಿಸಿ. ಅಥವಾ ಸೋರ್ಸ್‌ನಲ್ಲಿರುವ ‘ಹುಕ್-ಟಿಕಿಂಟರ್‌ಡಿಎನ್‌ಡಿ2’ ಫೈಲನ್ನು ನಿಮ್ಮ ಫೋಲ್ಡರ್‌ಗೆ ಹಾಕಿಕೊಂಡು ‘--ಅಡಿಷನಲ್-ಹುಕ್ಸ್-ಡಿರ್’ಗೆ ಅದೇ ಫೋಲ್ಡರ್ ತೋರಿಸಿ. ಮೊದಲನೆಯದು ಸುಲಭ, ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳ ಬೈನರಿಗಳೂ ಜೊತೆಗೆ ಬಂದು ಸ್ವಲ್ಪ ದಪ್ಪವಾಗುತ್ತದೆ. ಪರೀಕ್ಷೆ ಪೈಥಾನ್ ಇಲ್ಲದ ಮಷೀನ್‌ನಲ್ಲೇ ಆಗಬೇಕು.

ಎಂ ಸರಣಿಯ ಮ್ಯಾಕ್‌ನಲ್ಲಿ ಲೈಬ್ರರಿಯ ಹಳೆಯ ಬಿಡುಗಡೆಗಳು ಇದೇ ಎರರ್ ಕೊಡುತ್ತವೆ, ಕಾರಣ ಬೇರೆ: ಒಳಗಿನ ಬೈನರಿ ಇಂಟೆಲ್‌ನದು. ಹೊಸದಕ್ಕೆ ಏರಿಸಿಕೊಳ್ಳಿ. 2024ರಲ್ಲಿ ಟಿಕಲ್ 9 ಬಂದಿದೆ, 8.6ಕ್ಕೆ ಕಟ್ಟಿದ ಎಕ್ಸ್‌ಟೆನ್ಷನ್ ಅದರಲ್ಲಿ ಲೋಡ್ ಆಗದು. ನಿಮ್ಮ ಪೈಥಾನ್ ಯಾವುದರ ಮೇಲಿದೆಯೆಂದು ತಿಳಿಯಲು ‘ರೂಟ್.ಟಿಕೆ.ಕಾಲ್’ಗೆ ‘ಇನ್ಫೋ’, ‘ಪ್ಯಾಚ್‌ಲೆವೆಲ್’ ಎರಡು ಪದ ಕೊಟ್ಟು ನೋಡಿ.

ಬೇರೆ ದಾರಿಗಳು

ಹೊಸ ಟೂಲ್ ಆದರೆ ಟಿಕಿಂಟರ್ ಬದಲು ಬಳಸಬಹುದಾದ ಪೈಸೈಡ್6 ಲೈಬ್ರರಿ ನಮ್ಮ ಮೊದಲ ಆಯ್ಕೆ. ಎಳೆದು ಬಿಡುವ ಸೌಲಭ್ಯ ಅದರಲ್ಲಿ ಹುಟ್ಟಿನಿಂದಲೇ ಇದೆ: ‘ಸೆಟ್‌ಆಕ್ಸೆಪ್ಟ್‌ಡ್ರಾಪ್ಸ್’ಗೆ ‘ಟ್ರೂ’, ‘ಡ್ರ್ಯಾಗ್‌ಎಂಟರ್‌ಈವೆಂಟ್’ನಲ್ಲಿ ‘ಹ್ಯಾಸ್‌ಯುಆರ್‌ಎಲ್ಸ್’ ನೋಡಿ ಒಪ್ಪಿಗೆ, ‘ಡ್ರಾಪ್‌ಈವೆಂಟ್’ನಲ್ಲಿ ಒಂದೊಂದು ಯುಆರ್‌ಎಲ್‌ಗೂ ‘ಟುಲೋಕಲ್‌ಫೈಲ್’. ಹಾದಿಗಳು ಲಿಸ್ಟ್ ಆಗಿಯೇ ಬರುತ್ತವೆ, ಆವರಣದ ಗೋಜಿಲ್ಲ. ಲಿನಕ್ಸ್‌ನಲ್ಲೂ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಎಂಟರ್‌ನಲ್ಲಿ ಒಪ್ಪಿಗೆ ಕೊಡಲು ಮರೆತರೆ ಡ್ರಾಪ್ ಬರುವುದೇ ಇಲ್ಲ. ಲಿಸ್ಟ್ ವಿಜೆಟ್ ಆಗಿದ್ದರೆ ‘ಡ್ರ್ಯಾಗ್‌ಮೂವ್‌ಈವೆಂಟ್’ನಲ್ಲೂ ಒಪ್ಪಬೇಕು, ಜನ ಬಿಡುವುದು ಇದನ್ನೇ. ಬೆಲೆ ಏನೆಂದರೆ ಗಾತ್ರ: ಕಟ್ಟಿದ ಎಕ್ಸ್‌ಇ ಟಿಕಿಂಟರ್‌ನದಕ್ಕಿಂತ ಬಹಳ ದೊಡ್ಡದು. ಅಂಥದೇ ಇನ್ನೊಂದು ಲೈಬ್ರರಿಯಾದ ಡಬ್ಲ್ಯುಎಕ್ಸ್‌ಪೈಥಾನ್‌ನ ‘ಫೈಲ್‌ಡ್ರಾಪ್‌ಟಾರ್ಗೆಟ್’ ಕೂಡ ಅಚ್ಚುಕಟ್ಟು. ‘ಆನ್‌ಡ್ರಾಪ್‌ಫೈಲ್ಸ್’ಗೆ ಎಕ್ಸ್, ವೈ ಮತ್ತು ಹೆಸರುಗಳ ಲಿಸ್ಟ್ ನೇರವಾಗಿ ಬರುತ್ತದೆ. ಪೈಥಾನ್ ಬಿಟ್ಟು, ಜಾವಾಸ್ಕ್ರಿಪ್ಟ್‌ನಿಂದ ಡೆಸ್ಕ್‌ಟಾಪ್ ಟೂಲ್ ಕಟ್ಟುವ ಎಲೆಕ್ಟ್ರಾನ್‌ನಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ: ಹಳೆಯ ಪಾಠಗಳಲ್ಲಿರುವ ‘ಫೈಲ್.ಪಾತ್’ ಆವೃತ್ತಿ 32ರಿಂದ ಇಲ್ಲ, ‘ವೆಬ್‌ಯುಟಿಲ್ಸ್.ಗೆಟ್‌ಪಾತ್‌ಫಾರ್‌ಫೈಲ್’ ಬಳಸಬೇಕು.

ವಿಂಡೋಸ್‌ನಲ್ಲಿ ಮಾತ್ರ ಓಡುವ, ವಿಂಡೋ ತೆರೆದಿಟ್ಟುಕೊಳ್ಳುವ ಅಗತ್ಯವೇ ಇಲ್ಲದ ಟೂಲ್ ನಿಮ್ಮದಾಗಿದ್ದರೆ ಯಾವ ಲೈಬ್ರರಿಯೂ ಬೇಕಿಲ್ಲ. ಡೆಸ್ಕ್‌ಟಾಪ್ ಮೇಲಿನ ಎಕ್ಸ್‌ಇ ಐಕಾನ್ ಮೇಲೆಯೇ ಫೈಲ್‌ಗಳನ್ನು ಬಿಟ್ಟರೆ ಪ್ರೋಗ್ರಾಂ ಶುರುವಾಗಿ, ಹಾದಿಗಳು ‘ಸಿಸ್.ಆರ್ಗ್‌ವಿ’ಯಲ್ಲಿ ಎರಡನೇ ಸ್ಥಾನದಿಂದ ಬಿಡಿಬಿಡಿಯಾಗಿ, ಕನ್ನಡ ಹೆಸರು ಕೆಡದೆ ಬರುತ್ತವೆ. ಒಂದೇ ಮಿತಿ, ಕಮಾಂಡ್ ಲೈನ್‌ನ ಉದ್ದ. ವಿಂಡೋಸ್‌ನಲ್ಲಿ ಅದರ ಗರಿಷ್ಠ 32,767 ಅಕ್ಷರ, ಎಕ್ಸ್‌ಪ್ಲೋರರ್ ಮೂಲಕ ಬರುವಾಗ ಅದಕ್ಕೂ ಮುಂಚೆಯೇ ‘ಹೆಸರು ತುಂಬಾ ಉದ್ದವಾಯಿತು’ ಎಂದು ನಿಲ್ಲಬಹುದು. ಅಧ್ಯಾಯಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ ಫೋಲ್ಡರನ್ನೇ ಐಕಾನ್ ಮೇಲೆ ಬಿಟ್ಟರೆ ಹಾದಿ ಒಂದೇ ಬರುತ್ತದೆ.